ಬಲಗಡೆಯ ಕಿವುಡು ಗೋಡೆ

ಫೆಬ್ರವರಿ 9, ಭಾನುವಾರ

ಇವತ್ತೂ ಅದೇ ಕಥೆ. ಆರಾಧನೆ ಮುಗಿಯಿತು, ಪಾದ್ರಿಗಳು ಶಿಲುಬೆ ಹಿಡಿದು ನಿಂತರು, ಜನ ಸಾಲಾಗಿ ಹೋಗಿ ಮುತ್ತಿಟ್ಟರು. ಅಲ್ಲಿಂದ ನೆಟ್ಟಗೆ ಬಾಗಿಲಿಗೆ ಹೋಗಬಾರದೇ? ಇಲ್ಲ. ಎಲ್ಲರೂ ಎಡಗಡೆಗೆ ತಿರುಗಿ ನನ್ನ ಓರಗಿತ್ತಿಯನ್ನು ಮುತ್ತಿಕೊಂಡರು. "ಏನು ಕಂಠಾನಮ್ಮ ನಿಂದು!" "ಮೈ ಜುಂ ಅಂತು ಕಣೇ!" ನಾನು ಬಲಗಡೆಯಲ್ಲಿ ನನ್ನ ಹಾಡಿನ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿದೆ, ಬಿಚ್ಚಿದೆ, ಮತ್ತೆ ಸುತ್ತಿದೆ. ಒಂದು ನರಪಿಳ್ಳೆಯೂ ನನ್ನ ಕಡೆ ಬರಲಿಲ್ಲ.

ಮೇಣದಬತ್ತಿ ಮಾರುವಾಕೆ ಮಾತ್ರ ಬಂದಳು. ಬಂದು ಹೇಳಿದ್ದೇನು? "ಗುಮ್ಮಟನೇ ಬಾಯಿ ತೆಗೆದು ಹಾಡಿದ ಹಾಗಿತ್ತು ನೋಡಿ. ಮನೇಲಿ ಇಂಥ ರತ್ನ ಇಟ್ಕೊಂಡು ಸುಮ್ನಿದ್ರಲ್ಲ!" ಗಾಯದ ಮೇಲೆ ಉಪ್ಪು ಸವರುವುದನ್ನು ಇವಳಿಗೆ ಯಾರೂ ಕಲಿಸಬೇಕಾಗಿಲ್ಲ.

ನಮ್ಮದು ಆರ್ಥಡಾಕ್ಸ್ ಚರ್ಚು. ಅಲ್ಲಿ ಪಿಯಾನೋ ಇಲ್ಲ, ಹಾರ್ಮೋನಿಯಂ ಇಲ್ಲ, ಕೂರುವುದಕ್ಕೆ ಬೆಂಚೂ ಇಲ್ಲ. ಇರುವುದು ಮನುಷ್ಯರ ಗಂಟಲು ಮತ್ತು ನಿಂತ ಕಾಲು. ಬಲಿಪೀಠಕ್ಕೂ ಜನರಿಗೂ ನಡುವೆ ಸಂತರ ಚಿತ್ರಗಳಿಂದ ತುಂಬಿದ ಒಂದು ಚಿತ್ರಗೋಡೆ. ಅದರ ಎರಡೂ ಪಕ್ಕಕ್ಕೆ ಒಂದೊಂದು ಮೇಳ. ಬಲಮೇಳ ಒಂದು ಸಾಲು ಹಾಡಿದರೆ ಎಡಮೇಳ ಅದೇ ರಾಗದಲ್ಲಿ ಮುಂದಿನ ಸಾಲು. ಮದುವೆಯಾಗಿ ಈ ಊರಿಗೆ ಬಂದ ಮರುವರ್ಷದಿಂದ ಬಲಮೇಳದ ಮುಂದಾಳು ನಾನು. ಶ್ರುತಿ ಕೊಡುವವಳೂ ನಾನೇ. ನಾನು ಮೊದಲು ಸಣ್ಣಗೆ "ಊಂ" ಎಂದರೆ, ಆ ಎತ್ತರಕ್ಕೇ ಎರಡೂ ಮೇಳದವರು ಹಾಡಬೇಕು. ಇನ್ನು ವರ್ಷಕ್ಕೊಮ್ಮೆ, ಚರ್ಚಿನ ಪ್ರತಿಷ್ಠೆಯ ದಿನ, ಗುಮ್ಮಟದ ಕೆಳಗೆ ನಟ್ಟನಡುವೆ ಒಬ್ಬರೇ ನಿಂತು ಹಾಡುವ ಚರಣವೊಂದಿದೆ. ಒಂಟಿ ಚರಣ ಎನ್ನುತ್ತೇವೆ. ಅದು ನನ್ನದು. ಅಂದಿನಿಂದ ಬೇರೆ ಯಾರೂ ಅದನ್ನು ಮುಟ್ಟಿಲ್ಲ.

ಹೋದ ವರ್ಷ ಮೈದುನ ಸಾಮಾನು ಸಾಗಿಸುವ ತನ್ನ ವ್ಯಾನನ್ನು ಈ ಊರಿಗೆ ತಂದುಕೊಂಡು, ಹೆಂಡತಿಯ ಜೊತೆ ನಮ್ಮ ಮಹಡಿಗೆ ಬಂದ. ಅವಳು ಔಷಧಿ ಅಂಗಡಿಯಲ್ಲಿ ಕೆಲಸ ಹಿಡಿದಳು, ಎಡಮೇಳದಲ್ಲಿ ಜಾಗ ಹಿಡಿದಳು. ನಿನ್ನೆ ಮೊನ್ನೆ ಬಂದವಳು.

ಈ ವರ್ಷ ಚರ್ಚಿನ ರಿಪೇರಿ. ಜೂನ್‌ನಲ್ಲಿ ಬಿಷಪ್ ಬಂದು ಮರುಪ್ರತಿಷ್ಠೆ ಮಾಡುತ್ತಾರಂತೆ. "ಒಂಟಿ ಚರಣ ನನ್ನದೇ ಅಲ್ವಾ ಮೇಷ್ಟ್ರೇ?" ಎಂದು ಮೇಳದ ಮೇಷ್ಟ್ರನ್ನು ಸುಮ್ಮನೆ ಮಾತಿಗೆ ಕೇಳಿದೆ. "ನೋಡೋಣಮ್ಮ" ಎಂದರು. ಇಷ್ಟು ವರ್ಷ ಇಲ್ಲದ "ನೋಡೋಣ" ಈಗ ಎಲ್ಲಿಂದ ಬಂತು?

ಫೆಬ್ರವರಿ 12, ಬುಧವಾರ

ಬಟ್ಟೆ ಒಣಹಾಕುವಾಗಲೂ ಹಾಡುತ್ತಾಳೆ, ಮಹಾರಾಯ್ತಿ. ಹೊಲಿಗೆ ಮಿಷನ್ ಜೋರಾಗಿ ತುಳಿದೆ. ಆದರೂ ಕೇಳಿಸುತ್ತದೆ.

ಫೆಬ್ರವರಿ 24, ಸೋಮವಾರ

ರಿಪೇರಿಗೆ ಎಂಜಿನಿಯರಮ್ಮ ಬಂದಿದ್ದಾಳೆ. ಕುಳ್ಳಗೆ, ತಲೆಗೆ ಹಳದಿ ಟೋಪಿ, ಕೈಯಲ್ಲಿ ಒಂದು ಸಣ್ಣ ಮರದ ಸುತ್ತಿಗೆ. ಗೋಡೆಗೆ ಕಿವಿ ಕೊಟ್ಟು ಟಕ್ ಟಕ್ ಎಂದು ಬಡಿಯುತ್ತಾಳೆ, ಡಾಕ್ಟರು ಬೆನ್ನು ನೋಡಿದ ಹಾಗೆ. ನಾನು ಪರದೆಗಳ ಅಳತೆಗೆಂದು ಹೋಗಿದ್ದೆ. ಚರ್ಚಿನ ಪರದೆ, ಬಲಿಪೀಠದ ಹೊದಿಕೆ ಎಲ್ಲಾ ನನ್ನ ಹೊಲಿಗೆಯೇ.

ಪಾಪ, ಹೊಸಬಳು ಎಂದು ನಾನೇ ಚರ್ಚಿನ ಕಥೆ ಹೇಳಿದೆ. ಈ ಬೀದಿಯ ಹಗ್ಗ ಹೊಸೆಯುವವರು ಸೇರಿ ಕಟ್ಟಿಸಿದ್ದು. ಮೊದಲು ಮರದ್ದಿತ್ತು, ಸುಟ್ಟುಹೋಯಿತು. ಆಮೇಲೆ ಇಟ್ಟಿಗೆಯದು, ಶಿಲುಬೆಯ ಆಕಾರ, ನಡುವೆ ಗುಮ್ಮಟ. ಯುದ್ಧದ ಕಾಲದಲ್ಲಿ ಕಾಳಿನ ಗೋದಾಮು ಮಾಡಿದ್ದರು, ಇಲಿಗಳು ಸಂತರ ಕಾಲ ಬುಡದಲ್ಲಿ ಸಂಸಾರ ಹೂಡಿದ್ದವು. ಗಂಟೆಗೋಪುರ ಬಹಳ ತಡವಾಗಿ ಬಂದದ್ದು, ಅದಕ್ಕೇ ಮದುವೆಮನೆಗೆ ಕರೆಯದೆ ಬಂದ ನೆಂಟನ ಹಾಗೆ ಒಂದು ಪಕ್ಕಕ್ಕೆ ನಿಂತಿದೆ. ನಮ್ಮ ಮಾವನವರು ಈ ಚರ್ಚಿನ ಮೇಲ್ವಿಚಾರಕರಾಗಿದ್ದರು ಎಂದೂ ಹೇಳಿದೆ.

ಅವಳು ಎಲ್ಲ ಕೇಳಿಸಿಕೊಂಡು, "ಚೌಕದ ಮೇಲೆ ದುಂಡನೆ ಗುಮ್ಮಟ ಹೇಗೆ ಕೂತಿದೆ ಅಂತ ಯಾವತ್ತಾದ್ರೂ ನೋಡಿದ್ದೀರಾ ಅಮ್ಮ?" ಎಂದಳು. ನಾಲ್ಕು ಕಮಾನು, ಕಮಾನುಗಳ ನಡುವಿನ ನಾಲ್ಕು ಮೂಲೆಯಲ್ಲಿ ಬಾಗಿದ ಮುಮ್ಮೂಲೆ ಗೋಡೆ. ಸುವಾರ್ತೆ ಬರೆದ ನಾಲ್ವರ ಚಿತ್ರ ಇರುವುದು ಅಲ್ಲೇ. ಗುಮ್ಮಟದ ಭಾರವೆಲ್ಲ ಆ ನಾಲ್ವರ ಹೆಗಲ ಮೇಲೇ ಇಳಿಯುತ್ತದಂತೆ. ಇಷ್ಟು ವರ್ಷ ಅವರ ಕೆಳಗೆ ನಿಂತಿದ್ದೇನೆ, ಅವರು ಹೊರೆ ಹೊತ್ತಿದ್ದಾರೆಂದು ನನಗೆ ಹೊಳೆದಿರಲಿಲ್ಲ. ಒಪ್ಪಿಕೊಳ್ಳಲಿಲ್ಲ, "ಹೂಂ, ಗೊತ್ತು" ಎಂದುಬಿಟ್ಟೆ.

ಫೆಬ್ರವರಿ 27, ಗುರುವಾರ

ದೇವರಿದ್ದಾನೆ! ಇದ್ದೇ ಇದ್ದಾನೆ!

ಎಡಗಡೆ ಅಟ್ಟಣಿಗೆ ಹತ್ತಿದ್ದ ಎಂಜಿನಿಯರಮ್ಮ ಅಲ್ಲಿಂದಲೇ ನನ್ನನ್ನು ಕೂಗಿದಳು. ಕಮಾನಿನ ಕೆಳಗೆ, ಚಿತ್ರಗಳ ಸಂದಿನಲ್ಲಿ ಸಾಲಾಗಿ ಸಣ್ಣ ಸಣ್ಣ ತೂತುಗಳಿವೆ. ನಾವೆಲ್ಲ ಗಾಳಿಗೆ ಬಿಟ್ಟದ್ದು ಎಂದುಕೊಂಡಿದ್ದೆವು. ಅವು ತೂತಲ್ಲವಂತೆ, ಮಡಕೆಯ ಬಾಯಂತೆ! ಗೋಡೆಯೊಳಗೆ ಮಣ್ಣಿನ ಮಡಕೆಗಳನ್ನು ಅಡ್ಡಡ್ಡ ಮಲಗಿಸಿ, ಬಾಯಿ ಮಾತ್ರ ಹೊರಗೆ ಬಿಟ್ಟು ಇಟ್ಟಿಗೆ ಕಟ್ಟಿದ್ದಾರೆ.

"ಹಗ್ಗದೋರ ಹತ್ರ ದೊಡ್ಡ ಚರ್ಚು ಕಟ್ಟೋಷ್ಟು ಅನುಕೂಲ ಇರ್ಲಿಲ್ಲ. ಅದಕ್ಕೆ ಕಟ್ಟಿದೋನು ಈ ಉಪಾಯ ಮಾಡಿದಾನೆ. ಹಾಡಿದ್ದು ಮಡಕೆ ಒಳಗೆ ಹೋಗಿ ತುಂಬ್ಕೊಂಡು ವಾಪಸ್ ಬರುತ್ತೆ. ಚಿಕ್ಕ ಚರ್ಚು ದೊಡ್ಡದಾಗಿ ಕೇಳ್ಸುತ್ತೆ" ಎಂದಳು.

"ಬಲಗಡೆ?" ಎಂದೆ.

ಬಲಗಡೆ ಹೋಗಿ ಬಡಿದಳು. ಮೇಲಿಂದ ಕೆಳಕ್ಕೆ, ಒಂದೊಂದೇ. "ಇಲ್ಲೂ ಇವೆ ಅಮ್ಮ, ಆದ್ರೆ ಯಾರೋ ಎಲ್ಲಾ ಮೆತ್ತಿಬಿಟ್ಟಿದಾರೆ. ಬಟ್ಟೆ ತುರುಕಿ ಮೇಲೆ ಗಾರೆ. ಈ ಗೋಡೆ ಕಿವುಡು."

ಕಿವುಡು! ನಾನು ಇಷ್ಟು ವರ್ಷ ಕಿವುಡು ಗೋಡೆಯ ಮುಂದೆ ಗಂಟಲು ಹರಿದುಕೊಂಡೆ, ಅವಳು ಕೇಳುವ ಗೋಡೆಯ ಮುಂದೆ ನಿಂತು ರತ್ನವಾದಳು. ರತ್ನವಂತೆ ರತ್ನ! ಮಡಕೆ ಹಾಡಿದ್ದಕ್ಕೆ ಇವಳಿಗೆ ಹೊಗಳಿಕೆ. ದಾರಿಯುದ್ದಕ್ಕೂ ನಗುತ್ತಾ ಬಂದೆ.

ಮಾರ್ಚ್ 1, ಶನಿವಾರ

ಊಟಕ್ಕೆ ಕೂತಾಗ ಇವರಿಗೆ ಮಡಕೆಯ ವಿಷಯ ಹೇಳಿದೆ. ಇವರು ಬೀಗ ರಿಪೇರಿ ಮಾಡುವವರು. ಕೈಯಲ್ಲೊಂದು ಬೀಗ ಇರಬೇಕು, ಇಲ್ಲದಿದ್ದರೆ ಅನ್ನವೂ ಇಳಿಯುವುದಿಲ್ಲ. ಅದನ್ನು ತಿರುಗಿಸುತ್ತಲೇ, "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಎಂದರು.

ತಟ್ಟೆ ಬಿಟ್ಟು ಎದ್ದೆ. ಆಮೇಲೆ ಅಡುಗೆಮನೆಗೆ ಬಂದು, "ಏ, ತಮಾಷೆಗೆ ಅಂದೆ ಕಣೇ" ಎಂದು ಗೋಗರೆದರು. ನಾನು ಪಾತ್ರೆ ತಿಕ್ಕಿದೆ. ಆಗ ತಲೆ ಕೆರೆದುಕೊಂಡು ಹೇಳಿದರು, "ಒಂದು ಮಾತು ಹೇಳ್ತೀನಿ, ಬೈಬಾರ್ದು. ಅದನ್ನ ಮೆತ್ತಿದ್ದು ಅಪ್ಪ. ಆ ತೂತಲ್ಲೆಲ್ಲ ಗುಬ್ಬಿ ಗೂಡು ಕಟ್ಟಿ ಬಲಮೇಳದೋರ ತಲೆ ಮೇಲೆ ಹೇಲೋವು. ಅಮ್ಮ ಬಲಮೇಳದಲ್ಲಿದ್ಲಲ್ಲ, ಹೊಸ ಸ್ಕಾರ್ಫು ಹಾಳಾಯ್ತು ಅಂತ ಮನೇಲಿ ರಾದ್ಧಾಂತ ಮಾಡಿದ್ಲು. ಸುಣ್ಣ ಕಲಸಿಕೊಟ್ಟೋನು ನಾನೇ."

"ಎಡಗಡೆ ಯಾಕ್ರೀ ಬಿಟ್ರಿ?"

"ಅಲ್ಲಿಗೆ ಹೋಗೋ ಹೊತ್ತಿಗೆ ಸುಣ್ಣ ಮುಗೀತು."

ಅತ್ತೆಯ ಸ್ಕಾರ್ಫಿಗಾಗಿ ನನ್ನ ಕಂಠ ಹೂತುಹೋಯಿತು. ಯಾರ ಹತ್ತಿರ ಹೇಳಿಕೊಳ್ಳಲಿ?

ಮಾರ್ಚ್ 9, ಭಾನುವಾರ

ಚರ್ಚಿನ ಸಮಿತಿಯ ಸಭೆ. ಬಲಗಡೆ ಗೋಡೆಗೆ ಬಣ್ಣ ಬಳಿದು ಬಿಡುವುದೆಂದು ತೀರ್ಮಾನವಾಗುವುದರಲ್ಲಿತ್ತು. ನಾನು ಎದ್ದು ನಿಂತೆ. ಸಭೆಯಲ್ಲಿ ಎಂದೂ ಮಾತಾಡಿದವಳಲ್ಲ. "ಕಟ್ಟಿದವರು ಎರಡೂ ಕಡೆ ಮಡಕೆ ಇಟ್ಟಿದ್ದಾರೆ. ಒಂದು ಕಿವಿ ಮುಚ್ಚಿಕೊಂಡಿರೋ ಚರ್ಚನ್ನ ಬಿಷಪ್ಪರ ಕೈಲಿ ಪ್ರತಿಷ್ಠೆ ಮಾಡಿಸ್ತೀರಾ?" ಎಂದೆ. ಎಂಜಿನಿಯರಮ್ಮ ಚಪ್ಪಾಳೆ ತಟ್ಟಿದಳು. ಪಾದ್ರಿಗಳು ಗಡ್ಡ ನೀವಿಕೊಂಡು, "ಅಮ್ಮಾವ್ರು ಹೇಳೋದು ಸರಿಯಾಗಿದೆ" ಎಂದರು. ಬಲಗಡೆಯೂ ತೆರೆಯುತ್ತಾರೆ!

ಹೊರಗೆ ಬರುವಾಗ ಓರಗಿತ್ತಿ ನನ್ನ ಕೈ ಹಿಡಿದು, "ಅಕ್ಕಾ, ಎಷ್ಟು ಚೆನ್ನಾಗಿ ಮಾತಾಡಿದ್ರಿ! ನನಗಂತೂ ಬಾಯೇ ಬರ್ತಿರ್ಲಿಲ್ಲ" ಎಂದಳು. ತನ್ನ ಕುತ್ತಿಗೆ ಕೊಯ್ಯುವ ಕತ್ತಿಗೆ ತಾನೇ ಸಾಣೆ ಹಿಡಿಯುತ್ತಿದ್ದಾಳೆ, ಗೊತ್ತಿಲ್ಲ ಅವಳಿಗೆ. ಜೂನ್‌ನಲ್ಲಿ ಗೊತ್ತಾಗುತ್ತದೆ.

ಮಾರ್ಚ್ 23, ಭಾನುವಾರ

ನಾನೇ ತಂದುಕೊಂಡ ಗ್ರಹಚಾರ. ಬಲಗಡೆಯೆಲ್ಲ ಅಟ್ಟಣಿಗೆ, ಧೂಳು. ಕೆಲಸ ಮುಗಿಯುವವರೆಗೆ ಬಲಮೇಳದವರೂ ಎಡಗಡೆಯೇ ನಿಲ್ಲಬೇಕೆಂದು ಮೇಷ್ಟ್ರ ಅಪ್ಪಣೆ. ನನ್ನ ಜಾಗ ಎಲ್ಲಿ? ಓರಗಿತ್ತಿಯ ಪಕ್ಕ, ಮೊಣಕೈಗೆ ಮೊಣಕೈ.

ಇವತ್ತು ಒಂದು ವಿಷಯ ಕಂಡುಹಿಡಿದೆ. ಅವಳಿಗೆ ಸ್ವರಲಿಪಿ ಓದಲು ಬರುವುದಿಲ್ಲ! ಪುಸ್ತಕ ಹಿಡಿದಿರುತ್ತಾಳೆ, ಆದರೆ ಕಣ್ಣು ನನ್ನ ಬಾಯಿಯ ಮೇಲೆ. ಇಷ್ಟು ದಿನ ಆ ಕಡೆಯಿಂದ ನನ್ನನ್ನೇ ನೋಡಿಕೊಂಡು ಹಾಡುತ್ತಿದ್ದಳಂತೆ. "ಅಕ್ಕ ಎಲ್ಲಿ ಏರ್ತಾರೋ ಅಲ್ಲಿ ನಾನೂ ಏರ್ತೀನಿ" ಎಂದು ನಾಚಿಕೆಯಿಲ್ಲದೆ ಹೇಳಿದಳು. ನನ್ನ ಬಾಯಿಂದ ಕದ್ದು ನನ್ನ ಮೇಲೇ ಮೆರೆದಳು! ಮೇಣದಬತ್ತಿಯಾಕೆಯ ಕಿವಿಗೆ ಈ ಸುದ್ದಿ ಹಾಕಬೇಕೆಂದುಕೊಂಡೆ, ಜನ ಜಾಸ್ತಿ ಇತ್ತು.

ಏಪ್ರಿಲ್ 2, ಬುಧವಾರ

ಅಭ್ಯಾಸದಲ್ಲಿ ಒಂದು ಕೆಲಸ ಮಾಡಿದೆ. ಶ್ರುತಿ ಕೊಡುವಾಗ ಒಂದು ಮೆಟ್ಟಿಲು ಮೇಲೆ ಕೊಟ್ಟೆ. ಬೇಕೆಂದೇ ಕೊಟ್ಟೆ, ಇಲ್ಲಿ ಯಾರಿಗೆ ಸುಳ್ಳು ಹೇಳಲಿ? ಮೇಲಿನ ಸಾಲಿಗೆ ಬಂದಾಗ ಅವಳ ಗಂಟಲು ಬಿರಿಯಲಿ, ಮೇಷ್ಟ್ರು ಕೇಳಲಿ ಎಂದು.

ಬಿರಿದದ್ದು ನನ್ನದು. ಅವಳು ಏಣಿ ಹತ್ತುವ ಬೆಕ್ಕಿನ ಹಾಗೆ ಸಲೀಸಾಗಿ ಹತ್ತಿ ಕೂತಳು. ನಾನು ಅರ್ಧದಲ್ಲೇ ಕೆಮ್ಮು ಬಂದವಳ ಹಾಗೆ ನಟಿಸಿ ಬಾಯಿಗೆ ಕರವಸ್ತ್ರ ಒತ್ತಿಕೊಂಡೆ. ತಾನು ತೋಡಿದ ಗುಂಡಿಗೆ ತಾನೇ ಬಿದ್ದದ್ದು ಎಂದರೆ ಇದೇ.

ಅವಳು ಚೀಲದಿಂದ ಗಂಟಲಿನ ಮಾತ್ರೆ ತೆಗೆದು ಕೊಟ್ಟಳು. ಔಷಧಿ ಅಂಗಡಿಯವಳಲ್ಲವೇ. ಬೇಡವೆನ್ನಲಾಗದೆ ಚೀಪಿದೆ. ಕೆಟ್ಟ ರುಚಿ.

ಏಪ್ರಿಲ್ 3, ಗುರುವಾರ

ಥೂ ನನ್ನ ಬುದ್ಧಿಗೆ.

ಏಪ್ರಿಲ್ 29, ಮಂಗಳವಾರ

ಸಂಜೆ ಓರಗಿತ್ತಿ ಕೆಳಗೆ ಬಂದಳು. ಹೊಲಿಗೆ ಮಿಷನ್ ಪಕ್ಕ ಸ್ಟೂಲ್ ಎಳೆದುಕೊಂಡು ಕೂತು, ದಾರದ ಉಂಡೆ ಸುತ್ತುತ್ತಾ, "ಅಕ್ಕಾ, ಒಂದು ಕೇಳ್ಲಾ? ಒಂಟಿ ಚರಣದ ಮೂರನೇ ಸಾಲು ಅಷ್ಟು ಉದ್ದ ಇದೆಯಲ್ಲ, ನೀವು ಉಸಿರು ಎಲ್ಲಿ ತಗೋತೀರಿ?" ಎಂದಳು.

ನಾನು ಮಿಷನ್ ನಿಲ್ಲಿಸಿದೆ. "ಯಾಕೆ? ಮೇಷ್ಟ್ರು ನಿನಗೆ ಹಾಡೋಕೆ ಹೇಳಿದ್ರಾ?"

"ಅಯ್ಯೋ ಇಲ್ಲಕ್ಕ! ನನಗ್ಯಾರು ಹೇಳ್ತಾರೆ? ಅಡುಗೆ ಮಾಡ್ತಾ ಹಾಡಿ ನೋಡಿದೆ, ಸಾಲು ಮುಗಿಯೋದ್ರೊಳಗೆ ಸತ್ತೇ ಹೋದೆ. ನೀವು ಹೋದ ವರ್ಷ ಹಾಡಿದಾಗ ಉಸಿರು ತಗೊಂಡಿದ್ದು ಗೊತ್ತೇ ಆಗ್ಲಿಲ್ಲ."

ಹೋದ ವರ್ಷ ಇವಳು ಬಂದು ಎಷ್ಟು ದಿನವಾಗಿತ್ತು? ಅದನ್ನು ನೆನಪಿಟ್ಟಿದ್ದಾಳೆ. ಸರಿ, ನಾಳೆ ಎಲ್ಲಾದರೂ ಹಾಡಿ ನಮ್ಮ ಮನೆತನದ ಮಾನ ಕಳೆಯುವುದು ಬೇಡವೆಂದು ಹೇಳಿಕೊಟ್ಟೆ. ಸಾಲಿನ ನಡುವೆ ದೇವರ ಹೆಸರು ಬರುವ ಮುಂಚೆ ಒಂದು ಚಿಕ್ಕ ನಿಲುಗಡೆಯಿದೆ, ಪುಸ್ತಕದಲ್ಲಿ ಗುರುತಿಲ್ಲ. ಭಯಭಕ್ತಿಯಿಂದ ತಡೆದಂತೆ ಕೇಳಿಸುತ್ತದೆ. ನಿಜವಾಗಿ ಅಲ್ಲಿ ಉಸಿರು ಎಳೆದುಕೊಳ್ಳುವುದು. ನನ್ನ ಅತ್ತೆ ನನಗೆ ಹೇಳಿಕೊಟ್ಟದ್ದು.

ಅವಳು ಅದನ್ನು ಮತ್ತೆ ಮತ್ತೆ ಹಾಡಿದಳು. "ಹೊಟ್ಟೆಯಿಂದ ತಗೋ, ಹೆಗಲು ಎತ್ತಬೇಡ" ಎಂದು ಬೈದೆ. ಕತ್ತರಿಸಬೇಕಾಗಿದ್ದ ಪರದೆ ಹಾಗೇ ಉಳಿಯಿತು. ನನ್ನ ಸಂಜೆಯೆಲ್ಲ ಹಾಳುಮಾಡಿ ಹೋದಳು.

ಮೇ 6, ಮಂಗಳವಾರ

ಮತ್ತೆ ಬಂದಳು. ಸ್ವರಲಿಪಿ ಕಲಿಯಬೇಕಂತೆ. ಎಮ್ಮೆ ಮುಂದೆ ಕಿನ್ನರಿ ಬಾರಿಸಿದ ಹಾಗಾಗುತ್ತದೆ ಎಂದುಕೊಂಡಿದ್ದೆ. ಬೇಗ ಹಿಡಿಯುತ್ತಾಳೆ. ಅದೂ ಒಂದು ಹೊಟ್ಟೆ ಉರಿ.

ಮೇ 17, ಶನಿವಾರ

ಅಟ್ಟಣಿಗೆ ಇಳಿಸಿದರು. ಬಲಗಡೆ ಗೋಡೆಯ ಮೇಲೆ ಮಡಕೆಯ ಬಾಯಿಗಳು ಕಪ್ಪಗೆ, ದುಂಡಗೆ, ಸಾಲಾಗಿ ತೆರೆದುಕೊಂಡಿವೆ. ಈ ಸಲ ಗುಬ್ಬಿ ಬಾರದ ಹಾಗೆ ಒಳಗೆ ಸಣ್ಣ ಬಲೆ ಹಾಕಿದ್ದಾರೆ. ಎಂಜಿನಿಯರಮ್ಮ ಒಳಗಿಂದ ಎಳೆದು ತೆಗೆದ ಚಿಂದಿಬಟ್ಟೆಯ ರಾಶಿ ತೋರಿಸಿದಳು. ಮಾವನವರ ಹಳೇ ಅಂಗಿ ಒಂದು ಅದರಲ್ಲಿತ್ತು ಎಂದು ಇವರಿಗೆ ಅನುಮಾನ.

ಚರ್ಚಿನಲ್ಲಿ ಇದ್ದದ್ದು ನಾನು, ಇವರು, ಎಂಜಿನಿಯರಮ್ಮ ಅಷ್ಟೇ. "ಹಾಡಿ ನೋಡಿ ಅಮ್ಮ, ನಿಮ್ಮ ಗೋಡೆ" ಎಂದಳು. ನನ್ನ ಹಳೇ ಜಾಗದಲ್ಲಿ ನಿಂತೆ. ಒಂಟಿ ಚರಣ ಎತ್ತಿಕೊಂಡೆ.

ಬಂತು. ಮೊದಲ ಸಾಲು ಗೋಡೆಗೆ ಹೋಗಿ ತುಂಬಿಕೊಂಡು ಹಿಂದಕ್ಕೆ ಬಂತು. ಇಡೀ ಜೀವಮಾನದಲ್ಲಿ ನನ್ನ ಸ್ವರ ನನಗೆ ಹಾಗೆ ಕೇಳಿಸಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಮೇಲಿನ ಸಾಲಿಗೆ ಹೋದೆ.

ಅಲ್ಲೊಂದು ನಡುಕವಿದೆ. ಕೀಲು ಸಡಿಲವಾದ ಬಾಗಿಲಿನ ಹಾಗೆ. ಮೊದಲು ಗೋಡೆಯದೇ ಏನೋ ಎಂದುಕೊಂಡೆ. ಮತ್ತೆ ಹಾಡಿದೆ, ಮತ್ತೆ ಬಂತು, ಅಲ್ಲೇ ಬಂತು.

"ಈ ಮಡಕೆ ಏನಾದ್ರೂ ಹೊಸದಾಗಿ ಸೇರಿಸುತ್ತಾ?" ಎಂದು ಎಂಜಿನಿಯರಮ್ಮನನ್ನು ಕೇಳಿದೆ.

"ಇಲ್ಲಮ್ಮ, ಮಡಕೆ ಏನ್ ಸೇರಿಸೀತು? ಇರೋದನ್ನೇ ಚೂರು ಹಿಡ್ಕೊಂಡು ವಾಪಸ್ ಕೊಡುತ್ತೆ."

ದಾರಿಯಲ್ಲಿ ಇವರನ್ನು ಕೇಳಿದೆ, "ರೀ, ನನ್ನ ದನಿ ಮೇಲೆ ಹೋದಾಗ ನಡುಗುತ್ತಾ?"

"ಅದಾ?" ಎಂದರು. "ಅದು ಎಷ್ಟೋ ವರ್ಷದಿಂದ ಇದೆಯಲ್ಲೇ. ಮನೇಲಿ ಹಾಡಿದಾಗ ಕೇಳ್ಸುತ್ತೆ. ನನಗೆ ಅಭ್ಯಾಸ ಆಗಿದೆ."

ಆ ಕಿವುಡು ಗೋಡೆಯನ್ನು ಎಷ್ಟು ಬೈದೆ. ಅದು ಇಷ್ಟು ವರ್ಷ ನನ್ನ ಮಾನ ಮುಚ್ಚಿಕೊಂಡು ನಿಂತಿತ್ತು.

ಮೇ 18, ಭಾನುವಾರ

ಹೋದೆ, ಹಾಡಿದೆ, ಬಂದೆ. ಬರೆಯಲು ಮನಸ್ಸಿಲ್ಲ.

ಮೇ 24, ಶನಿವಾರ

ಮೇಷ್ಟ್ರು ಎಲ್ಲರ ಮುಂದೆ ಹೇಳಿದರು, "ಒಂಟಿ ಚರಣ ಅಮ್ಮಾವ್ರದ್ದೇ. ಪಾಪ, ಇಷ್ಟು ವರ್ಷ ಕಿವುಡು ಗೋಡೆ ಕಟ್ಕೊಂಡು ಹಾಡಿದ್ರು. ಈಗ ಗೋಡೆ ತೆರೆಸಿದ್ದೂ ಅವ್ರೇ. ಬೇರೆಯವ್ರಿಗೆ ಕೊಟ್ರೆ ನ್ಯಾಯ ಆಗಲ್ಲ."

ಎಲ್ಲರೂ ಹೌದು ಹೌದು ಎಂದರು. ಓರಗಿತ್ತಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. ಅವಳ ಮುಖದಲ್ಲಿ ಏನಾದರೂ ಕಾಣುತ್ತದೋ ಎಂದು ನೋಡಿದೆ. ಸ್ವಲ್ಪ ಕೆಂಪಾಗಿತ್ತು, ಅಷ್ಟೇ.

ಗೆದ್ದೆ. ಫೆಬ್ರವರಿಯಿಂದ ಕಾದದ್ದು ಇದಕ್ಕೇ. ಮನೆಗೆ ಬಂದು ಒಂದು ಲೋಟ ಟೀ ಮಾಡಿಕೊಂಡೆ. ಕುಡಿಯಲು ಮರೆತೆ, ತಣ್ಣಗಾಯಿತು.

ಮೇ 28, ಬುಧವಾರ

ಮಹಡಿಯ ಮೇಲೆ ಸದ್ದಿಲ್ಲ. ಶನಿವಾರದಿಂದ ಬಟ್ಟೆ ಒಣಹಾಕುವಾಗ ಹಾಡಿಲ್ಲ, ಪಾತ್ರೆ ತೊಳೆಯುವಾಗ ಹಾಡಿಲ್ಲ. ಮನೆ ಬಿಕೋ ಎನ್ನುತ್ತದೆ. ಹೊಲಿಗೆಗೆ ಗಮನವೇ ಹತ್ತುವುದಿಲ್ಲ. ಪರದೆಯ ಅಂಚನ್ನು ಉಲ್ಟಾ ಹೊಲಿದು ಬಿಚ್ಚಬೇಕಾಯಿತು.

ತಡೆಯಲಾಗದೆ ಮೇಲೆ ಹೋದೆ. ಅವಳು ಮೈದುನನ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು.

"ಯಾಕೆ, ಬಾಯಿಗೆ ಬೀಗ ಹಾಕ್ಕೊಂಡಿದ್ದೀಯಾ?" ಎಂದೆ. "ಹಾಡೋಲ್ಲ ಯಾಕೆ?"

"ನೀವು ಅಭ್ಯಾಸ ಮಾಡ್ತಿರ್ತೀರಲ್ಲ ಅಕ್ಕ. ನಾನು ಮೇಲಿಂದ ಬಡ್ಕೊಂಡ್ರೆ ನಿಮಗೆ ತೊಂದ್ರೆ ಆಗುತ್ತೆ."

"ನನಗೇನೂ ತೊಂದರೆ ಇಲ್ಲ."

"ಇರ್ಲಿ ಬಿಡಿ."

"ಹಾಡು ಅಂದ್ರೆ ಹಾಡು!"

ಅವಳು ಹೆದರಿ ಹಾಡಿದಳು. ಬೇರೇನೂ ತೋಚದೆ ಒಂಟಿ ಚರಣವನ್ನೇ ಹಾಡಿದಳು. ಇಸ್ತ್ರಿಪೆಟ್ಟಿಗೆ ಕೈಯಲ್ಲಿ ಹಿಡಿದುಕೊಂಡೇ. ಮಹಡಿಯಲ್ಲಿ ಗುಮ್ಮಟವಿಲ್ಲ, ಮಡಕೆಯಿಲ್ಲ, ತಗ್ಗಾದ ಚಾವಣಿ, ಒಂದು ಮಂಚ, ಬಟ್ಟೆಯ ರಾಶಿ. ಮೂರನೇ ಸಾಲಿನಲ್ಲಿ ನಾನು ಹೇಳಿದ ಜಾಗದಲ್ಲಿ ನಿಂತಳು, ಉಸಿರು ಎಳೆದುಕೊಂಡಳು. ನನಗೇ ಒಂದು ಕ್ಷಣ ಭಕ್ತಿಯೆಂದು ಅನ್ನಿಸಿತು.

"ಹೆಗಲು ಎತ್ತಿದೆ" ಎಂದು ಹೇಳಿ ಕೆಳಗೆ ಬಂದೆ. ಎತ್ತಿರಲಿಲ್ಲ.

ಮೇ 30, ಶುಕ್ರವಾರ

ಈ ಮಂಡಿ ನೋವು ಯಾಕೋ ಜಾಸ್ತಿಯಾಗಿದೆ. ಗುಮ್ಮಟದ ನಡುವೆ ಆಸರೆಯೂ ಇಲ್ಲ, ಅಷ್ಟು ಹೊತ್ತು ನಿಲ್ಲುವುದು ಆಗದ ಮಾತು. ಮೇಷ್ಟ್ರ ಮನೆಗೆ ಹೋಗಿ ಹೇಳಿಬಂದೆ. "ಒಂಟಿ ಚರಣ ಅವಳು ಹಾಡಲಿ. ಶ್ರುತಿ ಮಾತ್ರ ನಾನೇ ಕೊಡೋದು."

ಮೇಷ್ಟ್ರು ನನ್ನನ್ನೇ ನೋಡಿದರು. "ಮಂಡಿ ನೋವು ಅಂದ್ರಿ, ಮೆಟ್ಟಿಲು ಹತ್ತಿ ಬಂದ್ರಲ್ಲಮ್ಮ?"

"ಹತ್ತೋಕೆ ಆಗುತ್ತೆ, ನಿಲ್ಲೋಕೆ ಆಗಲ್ಲ" ಎಂದೆ. ಎಲ್ಲದಕ್ಕೂ ಮೂಗು ತೂರಿಸುತ್ತಾರೆ.

ಅವಳಿಗೆ ಹೇಳಿದ್ದೇ ತಡ, ಕೂತಲ್ಲೇ ಅತ್ತಳು. "ನನಗೆ ಆಗಲ್ಲ ಅಕ್ಕ, ಬಿಷಪ್ ಇರ್ತಾರೆ, ನನಗೆ ಕೈಕಾಲು ಬರಲ್ಲ" ಎಂದು ರಂಪ ಮಾಡಿದಳು. "ಬಿಷಪ್ಪರೇನು ನಿನ್ನ ಗಂಟಲು ಕಿತ್ಕೊಂಡು ಹೋಗ್ತಾರಾ? ನಾಳೆಯಿಂದ ದಿನಾ ಕೆಳಗೆ ಬಾ" ಎಂದೆ. ಒಳಗೆ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಚೆನ್ನಾಗೇ ಉರಿಯಿತು.

ಜೂನ್ 8, ಭಾನುವಾರ

ಮುಗಿಯಿತು.

ಚರ್ಚಿನಲ್ಲಿ ಸೂಜಿ ಹಾಕಲು ಜಾಗವಿರಲಿಲ್ಲ. ಬಿಷಪ್ ಬಂದರು, ಗೋಡೆಗಳಿಗೆ ಪವಿತ್ರ ತೈಲ ಹಚ್ಚಿದರು, ಮಂತ್ರಜಲ ಚಿಮುಕಿಸಿದರು. ಚಿತ್ರದ ಧೂಳು ತೊಳೆದ ಮೇಲೆ ನಾಲ್ವರು ಸುವಾರ್ತಿಕರೂ ಹೊಸಬರಂತೆ ಕಾಣುತ್ತಿದ್ದರು. ನಾನು ಬಲಗಡೆ ನನ್ನ ಜಾಗದಲ್ಲಿದ್ದೆ. ಓರಗಿತ್ತಿ ಗುಮ್ಮಟದ ನಡುವೆ ಹೋಗಿ ನಿಂತಳು. ಮುಖ ಸುಣ್ಣದ ಹಾಗೆ ಬಿಳಿ. ನೆಲ ನೋಡಿದಳು, ಬಿಷಪ್ಪರನ್ನು ನೋಡಿದಳು, ಆಮೇಲೆ ತಿರುಗಿ ನನ್ನನ್ನು ನೋಡಿದಳು.

ನಾನು ಶ್ರುತಿ ಕೊಟ್ಟೆ. ಸಣ್ಣಗೆ, ಅವಳಿಗೆ ಮಾತ್ರ ಎನ್ನುವ ಹಾಗೆ. ಕೊಟ್ಟದ್ದು ಗೋಡೆಗೆ ಹೋಗಿ ತಿರುಗಿ ಬಂತು. ಅವಳು ಅದನ್ನು ಹಿಡಿದುಕೊಂಡಳು.

ಹೇಗೆ ಹಾಡಿದಳು ಎಂದು ಬರೆಯಲು ನನಗೆ ಬರುವುದಿಲ್ಲ. ಎಡದ ಮಡಕೆ, ಬಲದ ಮಡಕೆ ಎರಡೂ ಸೇರಿ ಕೊಟ್ಟವು. ಹಗ್ಗ ಹೊಸೆಯುವವರು ಕೇಳಬೇಕೆಂದಿದ್ದ ಚರ್ಚು ಇದೇ ಇರಬೇಕು. ಇವರು ಗಂಡಸರ ಸಾಲಿನಲ್ಲಿ ನಿಂತು ಕಣ್ಣೊರೆಸಿಕೊಂಡರು, ನಾನು ಹಾಡಿದಾಗ ಎಂದೂ ಒರೆಸಿಕೊಂಡಿಲ್ಲ. ಮನೆಗೆ ಬಂದ ಮೇಲೆ ವಿಚಾರಿಸಿಕೊಂಡೆ. ಧೂಪದ ಹೊಗೆ ಎಂದರು.

ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಟೀ ಕೊಡುತ್ತಿದ್ದರು. ಜನ ಅವಳನ್ನು ಮುತ್ತಿಕೊಂಡಿದ್ದರು. ನಾನು ಲೋಟ ಹಿಡಿದು ಗಂಟೆಗೋಪುರದ ನೆರಳಿನಲ್ಲಿ ನಿಂತಿದ್ದೆ. ಮೇಣದಬತ್ತಿಯಾಕೆ ಬಂದು ನನ್ನ ಕಿವಿಯ ಹತ್ತಿರ ಬಾಗಿದಳು.

"ಏನೇ ಹೇಳಿ, ನಿಮ್ಮ ಹಾಗೆ ಬರಲಿಲ್ಲ. ನೀವು ಹಾಡಿದ್ರೆ ಅದರ ಗತ್ತೇ ಬೇರೆ. ಇವಳು ಮೂರನೇ ಸಾಲಲ್ಲಿ ಉಸಿರು ಸಾಲದೆ ನಿಂತುಬಿಟ್ಳು, ನೋಡಿದ್ರಾ?"

ಇಂಥ ಒಂದು ಮಾತು ಯಾರಾದರೂ ಆಡಲಿ ಎಂದು ಎಷ್ಟು ದಿನ ಬಾಯಿ ಬಾಯಿ ಬಿಟ್ಟಿದ್ದೆ. ಇವತ್ತು ಕೇಳಿ ಮೈಯೆಲ್ಲ ಉರಿದುಹೋಯಿತು.

"ನಿಮಗೇನ್ರೀ ಗೊತ್ತು ಉಸಿರಿನ ವಿಷಯ?" ಎಂದೆ. ಇಡೀ ಅಂಗಳಕ್ಕೆ ಕೇಳಿಸಿರಬೇಕು, ಪಾದ್ರಿಗಳ ಹೆಂಡತಿ ತಿರುಗಿ ನೋಡಿದಳು. "ಅದು ಸಾಲದೆ ನಿಂತಿದ್ದಲ್ಲ, ದೇವರ ಹೆಸರಿಗೆ ನಿಂತಿದ್ದು! ಅವಳ ಹಾಗೆ ಹಾಡೋರು ಈ ಚರ್ಚಲ್ಲಿ ಯಾರೂ ಇಲ್ಲ. ನಾನೂ ಸೇರಿ!"

ಟೀ ಪೂರ್ತಿ ಮೇಣದಬತ್ತಿಯಾಕೆಯ ಚಪ್ಪಲಿಯ ಮೇಲೆ ಚೆಲ್ಲಿತು. ಕ್ಷಮೆ ಕೇಳಲಿಲ್ಲ.

ಎಂಥ ಹೊಟ್ಟೆಕಿಚ್ಚಿನ ಹೆಂಗಸು ಅವಳು! ನಮ್ಮ ಮನೆ ಹುಡುಗಿ ಚೆನ್ನಾಗಿ ಹಾಡಿದರೆ ಇವಳಿಗೇನು ಕಷ್ಟ?